ಸುದ್ದಿಮನೆಯವನ ಕೈಗೇ ಕಾವಲು ಕೋಲು: ಸ್ಟೀವರ್ಟ್ ಪರ್ವಿಸ್ ಥರದವರು ನಮಗೆ ಬೇಕಾ?

ಘಟಪ್ರಭಾ:
ಟಿವಿ ಸುದ್ದಿಯನ್ನು ಹದ್ದುಬಸ್ತಿನಲ್ಲಿಡೋಕೆ ಟಿವಿ ಸುದ್ದಿ ಮಾಡಿದವರೇ ಸರಿ ಅನ್ನೋದಕ್ಕೆ ಬ್ರಿಟನ್ನಿನ ಸ್ಟೀವರ್ಟ್ ಪರ್ವಿಸ್ ಸಾಕ್ಷಿ. 1969ರಲ್ಲಿ ಬಿಬಿಸಿಯಲ್ಲಿ ಟ್ರೇನಿ, 1972ರಲ್ಲಿ ಖಾಸಗಿ ವಾಹಿನಿಗಳಿಗೆ ಸುದ್ದಿ ಮಾಡಿಕೊಡೋ ಐಟಿಎನ್ ಕಂಪನಿ. 1980ರಲ್ಲಿ ಲಂಡನ್ನಿನ ಇರಾನ್ ರಾಯಭಾರ ಕಚೇರಿಯ ಒತ್ತೆಯಾಳು ಪ್ರಕರಣ ನಡೆದಾಗ ಐಟಿಎನ್ ಪ್ರಸಾರದ ಉಸ್ತುವಾರಿ ಅವರದ್ದು. 1983ರಲ್ಲಿ ಚಾನೆಲ್ 4 ನ್ಯೂಸ್ ಸಂಪಾದಕ, 1995ರಿಂದ 2003ರವರೆಗೆ ಐಟಿಎನ್ ಮುಖ್ಯಾಧಿಕಾರಿ, ಆಮೇಲೆ ಸಿಟಿ ವಿಶ್ವವಿದ್ಯಾಲಯದಲ್ಲಿ ಪ್ರಾಧ್ಯಾಪಕ. 2007ರಿಂದ 2010ರವರೆಗೆ ಪ್ರಸಾರ ನಿಯಂತ್ರಣ ಸಂಸ್ಥೆ ಆಫ್‌ಕಾಮ್‌ನಲ್ಲಿ 'ಪಾರ್ಟನರ್, ಕಂಟೆಂಟ್ ಅಂಡ್ ಸ್ಟ್ಯಾಂಡರ್ಡ್ಸ್'. ನಮ್ಮಲ್ಲಿ ಸುದ್ದಿ ವಾಹಿನಿಗಳ ಸಂಘವೇ ಮಾಡಿಕೊಂಡ ದೂರು ಪೀಠ ಎನ್‌ಬಿಡಿಎಸ್‌ಎ, ಅದರ ಅಧ್ಯಕ್ಷರನ್ನು ನೋಡಿ: ಜೆ.ಎಸ್. ವರ್ಮಾ, ಆರ್.ವಿ. ರವೀಂದ್ರನ್, ಎ.ಕೆ. ಸಿಕ್ರಿ, ಎಲ್ಲರೂ ನಿವೃತ್ತ ನ್ಯಾಯಮೂರ್ತಿಗಳು. ಬೆಳಗಾವಿ ಮಟ್ಟಕ್ಕೆ ಬಂದರೆ ಕೇಬಲ್ ಚಾನೆಲ್‌ಗಳ ಮೇಲೆ ಕಾವಲು ಜಿಲ್ಲಾಧಿಕಾರಿ. ಬುಲೆಟಿನ್ ಶುರುವಾಗೋಕೆ ಎರಡು ನಿಮಿಷ ಇರುವಾಗ ಸ್ಟೋರಿ ಕತ್ತರಿಸಿದ ಕೈ ಅಲ್ಲಿ ಒಂದೂ ಇಲ್ಲ. ಯಾವ ತಪ್ಪು ಅವಸರದ್ದು, ಯಾವುದು ಬೇಕಂತಲೇ ಮಾಡಿದ್ದು ಅನ್ನೋದು ಆ ಕೆಲಸ ಮಾಡಿದವರಿಗಷ್ಟೇ ತಿಳಿಯುತ್ತೆ.

ಗೋಳಗುಮ್ಮಟದ ಪ್ರತಿಧ್ವನಿ:
"ಪಾರ್ಟನರ್" ಅಂತ ನೀವ ಬರದೀರಿ ನೋಡ್ರಿ. ಪಾಲುದಾರ! ಯಾರ ಕೂಡ ಪಾಲು? ಐಟಿಎನ್‌ದಾಗ ಐಟಿವಿ ಅನ್ನೂ ಖಾಸಗಿ ವಾಹಿನಿಯವರದು ನೂರಕ್ಕ 40 ಪಾಲು. ಎಂಟು ವರ್ಷ ಅವರ ಅನ್ನ ಉಂಡಾವ ನಾಳೆ ಅವರ ಮ್ಯಾಲೆ ಕಾವಲು ಕುಂತ್ರ ಬೇಲಿ ಎದ್ದು ಹೊಲ ಮೇಯ್ದಂಗ ಆಗೂದಿಲ್ಲೇನು?

ಬಾದಾಮಿ ಬಂಡೆ:
ಪಾರ್ಟನರ್ ಅಂದರೆ ಅಂಗಡಿ ಪಾಲುದಾರ ಅಲ್ರೀ. ಆಫ್‌ಕಾಮ್ ತನ್ನ ಹಿರಿಯ ಅಧಿಕಾರಿಗಳಿಗೆ ಕೊಡೋ ಪದವಿಯ ಹೆಸರು ಅದು, ಸಂಬಳದ ನೌಕರಿ. ಐದು ಹಳೇ ನಿಯಂತ್ರಣ ಸಂಸ್ಥೆಗಳನ್ನು ಒಂದು ಮಾಡಿ 2003ರ ಡಿಸೆಂಬರ್ 29ಕ್ಕೆ ಅಧಿಕಾರ ಕೊಟ್ಟ ಸಂಸ್ಥೆ. ಅದರಲ್ಲಿ ಶೇರು ಎಲ್ಲಿಂದ ಬರಬೇಕು? ಇನ್ನು "ಅವರ ಅನ್ನ" ಅಂದಿರಲ್ಲ, ಪರ್ವಿಸ್ ಇದ್ದ ಕಾಲದಲ್ಲೇ, 2008ರ ಮೇನಲ್ಲಿ, ಐಟಿವಿಗೆ ಬಿದ್ದ ದಂಡ 56.75 ಲಕ್ಷ ಪೌಂಡ್. ಆವರೆಗಿನ ದಾಖಲೆ. 'ಸ್ಯಾಟರ್‌ಡೇ ನೈಟ್ ಟೇಕ್‌ಅವೇ'ಗೆ 30 ಲಕ್ಷ, 'ಗೇಮ್‌ಶೋ ಮ್ಯಾರಥಾನ್'ಗೆ 12, 'ಸೋಪ್‌ಸ್ಟಾರ್ ಸೂಪರ್‌ಸ್ಟಾರ್'ಗೆ 12, ಐಟಿವಿ2+1ಕ್ಕೆ 2.75. ಕೂಡಿಸಿ ನೋಡಿ. ಈ ಶೋಗಳ ಫೋನ್ ಸ್ಪರ್ಧೆಗೆ ಅಂತ ಜನ ದುಬಾರಿ ನಂಬರಿಗೆ ಫೋನ್ ಮಾಡಿ ದುಡ್ಡು ಕಳ್ಕೊಳ್ತಿದ್ದರು, ಇವರು ಒಳಗೆ ಕೂತು ಯಾರ ಊರು ಅನುಕೂಲ, ಯಾರು ಕ್ಯಾಮೆರಾ ಮುಂದೆ ಚುರುಕಾಗಿ ಕುಣೀತಾರೆ ಅಂತ ನೋಡಿ ಫೈನಲಿಸ್ಟ್ ಆರಿಸ್ತಿದ್ದರು.

ಟಿಳಕವಾಡಿ ವಕೀಲ:
"ಪರ್ವಿಸ್ ಇದ್ದ ಕಾಲದಲ್ಲೇ" ಎನ್ನುವುದು ಚಾಲಾಕಿ ವಾಕ್ಯ. ದಂಡ ವಿಧಿಸಿದ್ದು ಆಫ್‌ಕಾಮ್‌ನ ಕಂಟೆಂಟ್ ಸ್ಯಾಂಕ್ಷನ್ಸ್ ಕಮಿಟಿ. ಅದರ ಅಧ್ಯಕ್ಷ ಫಿಲಿಪ್ ಗ್ರಾಫ್, ಟ್ರಿನಿಟಿ ಮಿರರ್ ಪತ್ರಿಕಾ ಕಂಪನಿಯಿಂದ ಬಂದವರು. ಹುದ್ದೆಯಲ್ಲಿದ್ದಾಗ ಮಳೆ ಬಂತು ಎಂದು ಮಳೆಯ ಯಶಸ್ಸು ಕೊಡುವುದೇ? ಎರಡನೆಯದು, ಮೂಲ ಬರಹದ "ಒಂದೂ ಇಲ್ಲ" ಶುದ್ಧ ತಪ್ಪು. ಎನ್‌ಬಿಡಿಎಸ್‌ಎ ರಚನೆಯಲ್ಲಿ ಅಧ್ಯಕ್ಷರನ್ನು ಬಿಟ್ಟರೆ ಹೊರಗಿನ ಗಣ್ಯರು ನಾಲ್ವರು, ಸಂಪಾದಕರು ನಾಲ್ವರು. ಅದೂ ನಿವೃತ್ತರಲ್ಲ, ವಾಹಿನಿಗಳಲ್ಲಿ ಇವತ್ತೂ ಕೆಲಸದಲ್ಲಿರುವವರು.

ಘಟಪ್ರಭಾ:
"ಇವತ್ತೂ ಕೆಲಸದಲ್ಲಿರುವವರು". ಇದೇ ನನ್ನ ವಾದ! ಪರ್ವಿಸ್ 2003ರಲ್ಲಿ ಐಟಿಎನ್ ಬಿಟ್ಟು ನಾಲ್ಕು ವರ್ಷ ಪಾಠ ಹೇಳಿ ಆಮೇಲೆ ಆಫ್‌ಕಾಮ್‌ಗೆ ಹೋದರು. ನಮ್ಮಲ್ಲಿ ಬೆಳಿಗ್ಗೆ ಚಾನೆಲ್, ಮಧ್ಯಾಹ್ನ ಪೀಠ, ಸಂಜೆ ಮತ್ತೆ ಚಾನೆಲ್.

ಟಿಳಕವಾಡಿ ವಕೀಲ:
ಮೊದಲು "ಒಂದೂ ಇಲ್ಲ", ಈಗ "ಇದ್ದಾರೆ, ಆದರೆ ಸರಿಯಿಲ್ಲ". ನಿಮ್ಮ ವಾದ ಗೋಕಾಕ ಫಾಲ್ಸ್ ನೀರಿನ ಹಾಗೆ, ನಿಂತಲ್ಲಿ ನಿಲ್ಲುವುದಿಲ್ಲ.

ಗೋಳಗುಮ್ಮಟದ ಪ್ರತಿಧ್ವನಿ:
ಪಾಠ ಹೇಳಿದ್ದು ಇರಲಿ, ಕೋರ್ಟಿಗೆ ಎಳದದ್ದೂ ಹೇಳ್ರಿ. ಬೋಸ್ನಿಯಾದ ಟ್ರ್ನೊಪೊಲ್ಯೆ ಕ್ಯಾಂಪಿನ 1992ರ ಐಟಿಎನ್ ಚಿತ್ರ ಸುಳ್ಳು ಅಂತ ಎಲ್‌ಎಂ ಅನ್ನೂ ಸಣ್ಣ ಪತ್ರಿಕೆ ಬರೀತು. ಐಟಿಎನ್ ಮಾನನಷ್ಟ ಹಾಕಿ 2000ದ ಮಾರ್ಚ್‌ನಾಗ ಗೆದ್ದು ಪತ್ರಿಕೆ ಬಾಗಲಾ ಮುಚ್ಚಿಸ್ತು. ಆಗ ಮುಖ್ಯಾಧಿಕಾರಿ ಯಾರ್ರೀ? ಇದ ಪುಣ್ಯಾತ್ಮ. ಇಂಥಾವ ಮಾಧ್ಯಮ ಸ್ವಾತಂತ್ರ್ಯ ಕಾಯಾವನ?

ಬಾದಾಮಿ ಬಂಡೆ:
ಐಟಿಎನ್‌ನ ಇಬ್ಬರು ವರದಿಗಾರರಿಗೆ ಪರಿಹಾರ ತಲಾ 1.5 ಲಕ್ಷ ಪೌಂಡ್, ಐಟಿಎನ್‌ಗೆ 75 ಸಾವಿರ. ಪತ್ರಿಕೆ ಬರೆದದ್ದು ಸುಳ್ಳು ಅಂತ ಜ್ಯೂರಿ ಒಪ್ಪಿದ್ದಕ್ಕೆ ಸಿಕ್ಕ ಹಣ. ಇಷ್ಟು ಅರ್ಧ ಮಾಡಿ ಹೇಳಿದರೆ ಸುಳ್ಳಿಗೂ ಅದಕ್ಕೂ ಏನು ಫರಕು?

ಘಟಪ್ರಭಾ:
ಇರಲಿ ಬಿಡಿ. ಪರ್ವಿಸ್ ಅವರ ಧೈರ್ಯ ತಿಳೀಬೇಕಾದರೆ 1980ರ ಮೇ 5 ನೋಡಬೇಕು. ಬ್ರಿಟನ್ ಸೇನೆಯ ಎಸ್‌ಎಎಸ್ ಕಮಾಂಡೋಗಳು ಹಗ್ಗ ಹಿಡಿದು ರಾಯಭಾರ ಕಚೇರಿಗೆ ಇಳಿದದ್ದನ್ನು ಇಡೀ ದೇಶಕ್ಕೆ ನೇರ ಪ್ರಸಾರದಲ್ಲಿ ತೋರಿಸಿದ ಸುದ್ದಿಮನೆ ಅದು. ಅಂಥ ಅನುಭವ ಇದ್ದವರು ನಿಯಮ ಬರೆದರೆ ಅದರ ತೂಕವೇ ಬೇರೆ.

ಹೆಡ್‌ಎಂಡ್ ಹುಡುಗ:
"ನೇರ ಪ್ರಸಾರದಲ್ಲಿ"? ಘಟಪ್ರಭಾ ಸರ, ಇದನ್ನ ಧೈರ್ಯ ಅಂತೀರೇನ್ರಿ? 2008ರಾಗ ಮುಂಬೈ ನರಿಮನ್ ಹೌಸ್ ಮ್ಯಾಲೆ ಹೆಲಿಕಾಪ್ಟರಿನಿಂದ ಎನ್‌ಎಸ್‌ಜಿಯವರು ಇಳಿಯೂದನ್ನ ನಮ್ಮ ಚಾನೆಲ್‌ನವರೂ ನೇರ ತೋರಿಸಿದ್ರು. ಕರಾಚಿ ಕಡೆ ಕುಂತಾವ್ರು ಟಿವಿ ನೋಡಿ ಫೋನಿನ್ಯಾಗ ಹೇಳಿಕೊಡ್ತಿದ್ರು. ಅದು ತಪ್ಪು, ಇದು ಧೈರ್ಯ? ಗೋರ್‍ಯಾ ಮಾಡಿದ್ರ ಧೈರ್ಯ ಆಗ್ತೈತಿ ಅನ್ನಿಸ್ತೈತಿ.

ಟಿಳಕವಾಡಿ ವಕೀಲ:
ಕಸಬ್ ಮೇಲ್ಮನವಿಯಲ್ಲಿ 2012ರ ಆಗಸ್ಟ್ 29ರಂದು ಸುಪ್ರೀಂ ಕೋರ್ಟ್ ಈ ನೇರ ಪ್ರಸಾರವನ್ನು ಕಟುವಾಗಿ ಟೀಕಿಸಿತು. ಆಮೇಲೆ 2015ರಲ್ಲಿ ಕೇಬಲ್ ಟಿವಿ ನಿಯಮಗಳ ಪ್ರೋಗ್ರಾಂ ಕೋಡ್‌ಗೆ (ಏನನ್ನು ಪ್ರಸಾರ ಮಾಡಬಾರದು ಎನ್ನುವ ಪಟ್ಟಿಗೆ) 6(1)(ಪಿ) ಸೇರಿತು. ಭಯೋತ್ಪಾದನಾ ನಿಗ್ರಹ ಕಾರ್ಯಾಚರಣೆಯ ನೇರ ಪ್ರಸಾರ ಕೂಡದು, ಕಾರ್ಯಾಚರಣೆ ಮುಗಿಯುವವರೆಗೂ ಸರ್ಕಾರ ನೇಮಿಸಿದ ಅಧಿಕಾರಿ ಆಗಾಗ ಕೊಡುವ ಮಾಹಿತಿಗೆ ವರದಿ ಸೀಮಿತವಾಗಿರಬೇಕು. ಘಟಪ್ರಭಾ ಅವರ 'ಧೈರ್ಯ' ಇವತ್ತು ಇಲ್ಲಿ ಉಲ್ಲಂಘನೆ.

ಬಾದಾಮಿ ಬಂಡೆ:
ಒಂದು ನಿಮಿಷ, ಇಬ್ಬರೂ ತಪ್ಪು. ಪ್ರಿನ್ಸಸ್ ಗೇಟ್ 16ನೇ ನಂಬರ್ ಕಟ್ಟಡದ ಮುಂಬದಿ ನೇರವಾಗಿ ಹೋಯಿತು, ನಿಜ. ಬಿಬಿಸಿಯವರು ಥಾರ್ನ್‌ಬರ್ನ್ ಮತ್ತು ಹಿಗಿನ್ಸ್ ನಡುವಿನ ಸ್ನೂಕರ್ ಫೈನಲ್ ಮಧ್ಯದಲ್ಲೇ ನಿಲ್ಲಿಸಿ ಅಲ್ಲಿಗೆ ಹೋದರು. ಆದರೆ ನೀವಿಬ್ಬರೂ ಬಡಿದಾಡ್ತಿರೋ ಹಗ್ಗ ಇಳಿದದ್ದು ಹಿಂಬದಿ. ಆ ಹಿಂಬದಿಗೆ ಐಟಿಎನ್ ಒಂದು ಕ್ಯಾಮೆರಾವನ್ನು ಕದ್ದು ಫ್ಲಾಟ್ ಒಂದರೊಳಗೆ ಸೇರಿಸಿತ್ತು. ಅದರ ದೃಶ್ಯವನ್ನು ರೆಕಾರ್ಡ್ ಮಾಡಿಕೊಂಡು ಆಮೇಲೆ ಬಿಟ್ಟರು, ಆ ಕ್ಷಣಕ್ಕೇ ಅಲ್ಲ. ಒಳಗಿದ್ದ ಬಂದೂಕುಧಾರಿಗಳು ಟಿವಿ ನೋಡ್ತಿದ್ದರೆ ಅನ್ನೋ ಭಯ.

ಹೆಡ್‌ಎಂಡ್ ಹುಡುಗ:
ಥಾರ್ನ್‌ಬರ್ನ್ ಅಲ್ರಿ, ಕ್ಲಿಫ್ ಥಾರ್ಬರ್ನ್. ಬಂಡಿ ಹಂಗ ಕುಂತು ಎಲ್ಲರನ್ನ ತಿದ್ದಾವ್ರು ಮೊದಲ ಹೆಸರು ನೆಟ್ಟಗ ಬರೀರಿ.

ಬಾದಾಮಿ ಬಂಡೆ:
ಬೆರಳು ಜಾರಿತು. ಹೆಸರಿನ ಮೇಲೆ ಹಾರಿದಿರಿ, ವಿಷಯಕ್ಕೆ ಉತ್ತರ ಇಲ್ಲ.

ಘಟಪ್ರಭಾ:
ನೋಡಿದ್ರಾ! ತಡ ಮಾಡಿ ಬಿಟ್ಟರು ಅಂದರೆ ಇನ್ನೂ ದೊಡ್ಡ ವಿವೇಕ. ಜಗತ್ತೇ ನೋಡಬೇಕಾದ ದೃಶ್ಯ ಕೈಯಲ್ಲಿದೆ, ಎದುರಾಳಿ ಚಾನೆಲ್ ಮುಂಬದಿಯಲ್ಲಿ ನೇರ ಹೋಗ್ತಿದೆ, ಆದರೂ ತಡೆ ಹಿಡಿದರು. ಇದನ್ನೇ ನಾನು ಹೇಳಿದ್ದು.

ಗೋಳಗುಮ್ಮಟದ ಪ್ರತಿಧ್ವನಿ:
ಹತ್ತು ನಿಮಿಷದ ಹಿಂದ "ನೇರ ತೋರಿಸಿದ ಧೈರ್ಯ". ಈಗ "ತಡೆ ಹಿಡಿದ ವಿವೇಕ". ನಮ್ಮ ಗೋಳಗುಮ್ಮಟದಾಗ ಕೂಗಿದ್ದು ಏಳು ಸಲ ಕೇಳಿದ್ರೂ ಅದ ಮಾತ ಕೇಳ್ತೈತಿ. ನಿಮ್ಮದು ಒಂದ ಸಲ ಕೂಗಿದ್ರ ಎರಡನೇ ಸಲ ಬ್ಯಾರೆ ಕೇಳ್ತೈತ್ರಿ.

ಟಿಳಕವಾಡಿ ವಕೀಲ:
ತಡ ಮಾಡಿದರೂ ನಮ್ಮ ನಿಯಮದಡಿ ಪಾರಾಗಲಾರರು. "ಕಾರ್ಯಾಚರಣೆ ಮುಗಿಯುವವರೆಗೂ" ಎಂಬ ಪದ ಗಮನಿಸಿ. ದಾಳಿ 17 ನಿಮಿಷ ನಡೆಯಿತು. ಐದನೇ ನಿಮಿಷದ ದೃಶ್ಯವನ್ನು ಹತ್ತನೇ ನಿಮಿಷಕ್ಕೆ ಬಿಟ್ಟರೆ ಅದೂ ಕಾರ್ಯಾಚರಣೆಯ ಮಧ್ಯವೇ.

ಹೆಡ್‌ಎಂಡ್ ಹುಡುಗ:
ವಕೀಲ ಸಾಹೇಬ್ರ, ನಿಯಮದಾಗ ಇರೂ ಪದ "ನೇರ ಪ್ರಸಾರ". ತಡ ಆದದ್ದು ನೇರ ಅಲ್ಲ. ಹೆಡ್‌ಎಂಡ್‌ದಾಗ, ಅಂದ್ರ ಕೇಬಲ್‌ನವರು ಎಲ್ಲಾ ಚಾನೆಲ್ ಕೂಡಿಸಿ ಊರಿಗೆ ಬಿಡೂ ಕೋಣ್ಯಾಗ, 10 ನಿಮಿಷ ತಡ ಹಾಕೂದು ಅಗ್ಗದ ಕೆಲಸ. ಎನ್‌ಕೋಡರ್ (ಚಿತ್ರ ಒತ್ತಿ ಸಣ್ಣದು ಮಾಡೂ ಪೆಟ್ಟಿಗಿ) ದಾಟಿದ ಮ್ಯಾಲೆ ಲೋಕಲ್ ಚಾನೆಲ್ ಸ್ಟ್ರೀಮ್ 4 ಎಂಬಿಪಿಎಸ್, ಸೆಕೆಂಡಿಗೆ 4 ಮೆಗಾಬಿಟ್, ಅಂದ್ರ 600 ಸೆಕೆಂಡಿಗೆ 2400 ಮೆಗಾಬಿಟ್, 300 ಎಂಬಿ ಅಷ್ಟ. ಹಳೇ ಕಂಪ್ಯೂಟರಿನ ರ‍್ಯಾಮ್‌ನಾಗ ಹಿಡಸ್ತೈತಿ. ಎನ್‌ಕೋಡರಿನ ಹಿಂದ, ಇನ್ನೂ ಒತ್ತಲಾರದ ಎಸ್‌ಡಿಐ ಸಿಗ್ನಲ್ ಮ್ಯಾಲ ಮಾಡ್ತೀನಿ ಅಂದ್ರ 270 ಎಂಬಿಪಿಎಸ್ ಲೆಕ್ಕಕ್ಕ 20 ಜಿಬಿ ಆಗ್ತೈತಿ, ಅದೂ ಎಚ್‌ಡಿ ಅಲ್ಲದ ಸಾದಾ ಚಿತ್ರಕ್ಕ. ಇಷ್ಟು ಅಗ್ಗದಾಗ ತಡ ಸಿಗೂವಾಗ ಕಾನೂನು ಅದನ್ನ ಮನ್ನಿಸಬೇಕು.

ಟಿಳಕವಾಡಿ ವಕೀಲ:
"ಅಗ್ಗದಾಗ ಸಿಗೂವಾಗ" ಎಂಬುದು ಕಾನೂನಿನ ವ್ಯಾಖ್ಯಾನ ಸೂತ್ರವಲ್ಲ. ನಿಯಮದ ಎರಡನೇ ಅರ್ಧ ಓದಿ: ವರದಿಯೇ ಅಧಿಕಾರಿಯ ಮಾಹಿತಿಗೆ ಸೀಮಿತ. ಅಲ್ಲಿ 'ನೇರ' ಎಂಬ ಪದ ಇಲ್ಲ. 2016ರ ಪಠಾಣಕೋಟ್ ವಾಯುನೆಲೆ ದಾಳಿಯ ವರದಿಗಾಗಿ ಎನ್‌ಡಿಟಿವಿ ಇಂಡಿಯಾಕ್ಕೆ ನವೆಂಬರ್ 9ರಂದು ಒಂದು ದಿನ ಪ್ರಸಾರ ನಿಲ್ಲಿಸಲು ಆದೇಶ ಬಂದದ್ದು ಇದೇ ನಿಯಮದಡಿ. ಅಲ್ಲಿ ಆರೋಪ ದೃಶ್ಯಕ್ಕಿಂತ ಮಾಹಿತಿಯದು, ವಾಯುನೆಲೆಯೊಳಗೆ ಏನೇನು ಇದೆ ಎಂದು ಹೇಳಿದ್ದು.

ಬಾದಾಮಿ ಬಂಡೆ:
ಆ ಆದೇಶ ನವೆಂಬರ್ 7ಕ್ಕೇ ತಡೆಹಿಡಿಯಲಾಯಿತು ಅನ್ನೋದು ವಕೀಲರ ಬಾಯಿಂದ ಬರಲಿಲ್ಲ. ಆಯ್ದು ಹೇಳೋದರಲ್ಲಿ ಇವರೇ ಶ್ಯಾಣ್ಯಾ.

ಟಿಳಕವಾಡಿ ವಕೀಲ:
ತಡೆಹಿಡಿದದ್ದು ಪ್ರಸಾರ ಸಚಿವಾಲಯ, ರದ್ದು ಮಾಡಿದ್ದಲ್ಲ. ನಿಯಮ ಇವತ್ತೂ ಜೀವಂತ. ಬಾದಾಮಿಯ ಬಂಡೆಗೆ ಉಳಿ ಏಟು ಹಾಕಿದಷ್ಟು ಸುಲಭವಾಗಿ ಅಳಿಸಲಾಗದು.

ಕುಂದಾ ಕಟ್ಟೆ:
ಪರ್ವಿಸ್ ಸಾಹೇಬ್ರು ಎಲ್ಲಿ ಹೋದ್ರು? ಹಗ್ಗ ಹಿಡದು ಇಳದ ಹೋದ್ರೇನು? 😀

ಹೆಡ್‌ಎಂಡ್ ಹುಡುಗ:
ಕುಂದಾ ತಿನ್ನಾವ್ರು ಸುಮ್ಕ ತಿನ್ರಿ. ಹಗ್ಗದ ಮಾತಿಗೆ ಬರ್ತೀನಿ. ತಡ ಹಾಕೂದು ಅಗ್ಗ ಅಂದೆ, ಸುಲಭ ಅಂತ ಅನ್ನಲಿಲ್ಲ. ನವೆಂಬರ್ 1ರ ರಾಜ್ಯೋತ್ಸವ ಮೆರವಣಿಗಿ ಚನ್ನಮ್ಮ ವೃತ್ತದಾಗ ಕ್ಯಾಮೆರಾ ಹೂಡಿ ಬಿಡ್ತಾರ ಅನಕೊಳ್ರಿ. ಅದಕ್ಕ 7 ಸೆಕೆಂಡ್ ತಡ ಸಾಕು, ಪೆಟ್ಟಿಗಿಯೊಳಗ 175 ಫ್ರೇಮ್ ಕುಂತಿರ್ತಾವ. ಯಾರರ ಕೆಟ್ಟ ಘೋಷಣಾ ಕೂಗಿದ್ರ 'ಡಂಪ್' ಗುಂಡಿ ಒತ್ತಬೇಕು. ಒತ್ತಿದ ಕೂಡಲೆ ಆ 7 ಸೆಕೆಂಡ್ ಹೋಗಿ ಪ್ರಸಾರ ಖರೆ ನೇರಕ್ಕ ಬಂದ್ ಬಿಡ್ತೈತಿ! ಬಫರ್ ಖಾಲಿ. ಅಷ್ಟರಾಗ ಎರಡನೇ ಸಲ ಕೂಗಿದ್ರ ಸೀದಾ ಮನಿ ಮನಿಗೆ. ಅದಕ್ಕ ಡಂಪ್ ಆದ ಮ್ಯಾಲೆ 7 ಸೆಕೆಂಡ್ ಲೋಗೋ ಇಲ್ಲಂದ್ರ ಚೌಕದ ಹಳೇ ಶಾಟ್ ಹಾಕಿ ಬಫರ್ ತುಂಬಿಸಿಕೊಂಡ ಮುಂದ ಹೋಗಬೇಕು. ಇದನ್ನ ಹೊಸ ಆಪರೇಟರ್‌ಗಳು ಮಾಡೂದ ಇಲ್ಲ.

ಇನ್ನೊಂದು: ಚಿತ್ರಕ್ಕ ತಡ ಹಾಕಿ ದನಿಗೆ ಹಾಕಲಿಲ್ಲಂದ್ರ ಘೋಷಣಾ ಮೊದಲ ಕೇಳ್ತೈತಿ, ಬಾಯಿ ಆಮ್ಯಾಲೆ ತೆರೀತೈತಿ. ವರದಿಗಾರನ ಕಿವಿಗೆ ಕೊಡೂ ಟಾಕ್‌ಬ್ಯಾಕ್ ಯಾವಾಗಲೂ ತಡದ ಮುಂಚಿನ ಕಡೆಯಿಂದ ತಗೀಬೇಕು. ತಡ ಆದ ದನಿ ಕೊಟ್ರ ಅವಂಗ ತನ್ನ ಮಾತ ತನಗ 7 ಸೆಕೆಂಡ್ ಆದ ಮ್ಯಾಲೆ ಕೇಳಿ ನಾಲಗಿ ತಡವರಸ್ತೈತಿ. ಸ್ಟ್ರೀಮ್ ಮ್ಯಾಲ ಕತ್ತರಿ ಹಾಕಿದ್ರ ಮುಂದಿನ ಐ-ಫ್ರೇಮ್ (ಪೂರ್ತಿ ಚಿತ್ರ ಇರೂ ಫ್ರೇಮ್) ಬರೂತನಕ ಪರದಿ ತುಂಬ ಚೌಕ ಚೌಕ ಒಡೀತೈತಿ.

ಗೋಳಗುಮ್ಮಟದ ಪ್ರತಿಧ್ವನಿ:
"ಪರದಿ ತುಂಬ ಚೌಕ". ಅದ ಒಳ್ಳೇದಲ್ಲೇನು, ಬ್ಲರ್ ಮಾಡೂ ಖರ್ಚ ಉಳೀತು. ತಮ್ಮಾ, ಅದ ಲೋಕಲ್ ಚಾನೆಲ್ ಸ್ವಿಚರ್‌ನಿಂದ (ಕ್ಯಾಮೆರಾ ಬದಲಸೂ ಪೆಟ್ಟಿಗಿ) ಇನ್ನೊಂದು ವೈರ್ ಯೂಟ್ಯೂಬಿಗೆ ಹೋಗಿರ್ತೈತಲ್ಲ, ಅದಕ್ಕ ತಡ ಯಾರಪ್ಪ ಹಾಕ್ತಾನ? ಕೇಬಲ್‌ದಾಗ 10 ನಿಮಿಷ ತಡ, ಫೋನ್‌ನಾಗ ಆಗಲೇ ಹೋಗೇತಿ. ಮ್ಯಾಲೆ ಮೂಲ್ಯಾಗ 'ಲೈವ್' ಅಂತ ಕೆಂಪು ಬರಹ, ಗಡಿಯಾರ. ಆ ಗಡಿಯಾರ ತಡದ ಈಚೆ ಕಡೆ ಕೂಡಸ್ತಾರ, ಆದ್ದರಿಂದ ಹತ್ತು ನಿಮಿಷದ ಹಳೇ ಚಿತ್ರದ ಮ್ಯಾಲೆ ಈಗಿನ ಟೈಮ್ ಓಡ್ತಿರ್ತೈತಿ. ನೋಡಾವ ನೇರ ಅಂತ ನಂಬ್ತಾನ.

ಹೆಡ್‌ಎಂಡ್ ಹುಡುಗ:
ಗಡಿಯಾರದ ಮಾತು ಖರೆ. ಆದ್ರ ಯೂಟ್ಯೂಬ್ ವೈರ್ ಸ್ವಿಚರ್‌ನಿಂದ ತಗಿಯಾವ್ರು ದಡ್ಡರು. ಡಿಲೇ ಪೆಟ್ಟಿಗಿ ಔಟ್‌ಪುಟ್‌ನಿಂದ ತಗದ್ರ ಮುಗೀತು.

ಟಿಳಕವಾಡಿ ವಕೀಲ:
ಯೂಟ್ಯೂಬ್‌ಗೆ ಕೇಬಲ್ ನಿಯಮ ನೇರವಾಗಿ ಅನ್ವಯಿಸದು. 2021ರ ಐಟಿ ನಿಯಮಗಳ ಸಂಹಿತೆ ಮೂಲಕ ಪ್ರೋಗ್ರಾಂ ಕೋಡ್ ಅನ್ನು ಅಲ್ಲಿಗೆ ಎಳೆದು ತಂದರು. ಆ ಸಂಹಿತೆ ಪಾಲನೆಯ 9(1), 9(3) ನಿಯಮಗಳಿಗೆ ಅದೇ ವರ್ಷ ಆಗಸ್ಟ್‌ನಲ್ಲಿ ಬಾಂಬೆ ಹೈಕೋರ್ಟ್ ತಡೆ ಕೊಟ್ಟಿತು. ಅಂದರೆ ಒಂದೇ ಕ್ಯಾಮೆರಾ, ಒಂದೇ ದೃಶ್ಯ, ಎರಡು ತಂತಿಗೆ ಎರಡು ಕಾನೂನು.

ಘಟಪ್ರಭಾ:
ಎಲ್ಲರೂ ತಂತಿ ಹಿಡಿದು ಜೋತಾಡ್ತಿದ್ದೀರಿ. ನನ್ನ ಪ್ರಶ್ನೆ ನಿಯಂತ್ರಕ ಯಾರಾಗಬೇಕು ಅನ್ನೋದು. ಈ ಡಂಪ್, ಬಫರ್, ಟಾಕ್‌ಬ್ಯಾಕ್ ಗೊತ್ತಿರೋ ಒಬ್ಬನೂ ಕೇಬಲ್ ಚಾನೆಲ್‌ಗಳ ದೂರು ನೋಡೋ ಜಿಲ್ಲಾ ನಿಗಾ ಸಮಿತಿಯಲ್ಲಿ ಇಲ್ಲ. ಜಿಲ್ಲಾಧಿಕಾರಿ ಅಧ್ಯಕ್ಷ, ಎಸ್‌ಪಿ, ವಾರ್ತಾಧಿಕಾರಿ, ಮಹಿಳಾ ಕಾಲೇಜಿನ ಒಬ್ಬ ಪ್ರಾಂಶುಪಾಲರು, ಮಕ್ಕಳ ಮತ್ತು ಮಹಿಳೆಯರ ಸಂಸ್ಥೆಗಳ ಪ್ರತಿನಿಧಿಗಳು, ಒಬ್ಬ ಮನಃಶಾಸ್ತ್ರ ಅಥವಾ ಸಮಾಜಶಾಸ್ತ್ರದವರು. ತಪ್ಪು ಬಫರ್ ಖಾಲಿ ಆಗಿದ್ದಕ್ಕೋ, ಬೇಕಂತ ಬಿಟ್ಟಿದ್ದೋ ಅಂತ ಇವರಿಗೆ ಹೇಗೆ ಗೊತ್ತಾಗಬೇಕು?

ಟಿಳಕವಾಡಿ ವಕೀಲ:
"ಬೇಕಂತ ಬಿಟ್ಟಿದ್ದೋ" ಎಂಬುದನ್ನು ಪ್ರೋಗ್ರಾಂ ಕೋಡ್ ಹೆಚ್ಚಾಗಿ ಕೇಳುವುದಿಲ್ಲ. ಪ್ರಸಾರವಾದದ್ದು ಏನು ಎಂಬುದೇ ಮುಖ್ಯ ಪ್ರಶ್ನೆ. ಮೊದಲು ಕೇಬಲ್ ಟಿವಿ ಕಾಯ್ದೆಯ 16ನೇ ಕಲಮಿನಲ್ಲಿ ಎರಡು ವರ್ಷದವರೆಗೆ ಜೈಲು ಇತ್ತು. ಜನ್ ವಿಶ್ವಾಸ್ ಕಾಯ್ದೆ ಜಾರಿಯಾಗಿ 2023ರ ಅಕ್ಟೋಬರ್‌ನಿಂದ ಜೈಲು ಹೋಯಿತು. ಈಗ ಸಲಹೆ, ಛೀಮಾರಿ, ಎಚ್ಚರಿಕೆ, ಮೊದಲ ಸಲಕ್ಕೆ ₹20,000ದವರೆಗೆ ದಂಡ, ಮೂರು ವರ್ಷದೊಳಗೆ ಮತ್ತೆ ಮಾಡಿದರೆ ₹1 ಲಕ್ಷದವರೆಗೆ.

ಹೆಡ್‌ಎಂಡ್ ಹುಡುಗ:
ದಂಡ ಬಿಡ್ರಿ, 11ನೇ ಕಲಮು ಹೇಳ್ರಿ. ಸಾಮಾನು ಜಪ್ತಿ! ಮೆರವಣಿಗಿ ತೋರಸಿದ್ದಕ್ಕ ಇಡೀ ಹೆಡ್‌ಎಂಡ್ ಎತ್ತಿಕೊಂಡ ಹೋದ್ರ ಊರ ಮಂದಿ ಟಿವಿ ಬಂದ್.

ಟಿಳಕವಾಡಿ ವಕೀಲ:
ಬಂದ್ ಆಗದು. ಕಾರ್ಯಕ್ರಮ, ಜಾಹೀರಾತು ಸಂಹಿತೆ ಉಲ್ಲಂಘನೆಯಾದರೆ ಜಪ್ತಿ ಆಪರೇಟರ್ ತಾನೇ ಹುಟ್ಟಿಸಿದ ಚಾನೆಲ್ಲಿನ ಸೇವೆಗಷ್ಟೇ ಸೀಮಿತ ಎಂದು ಆ ಕಲಮಿನಲ್ಲೇ ವಿನಾಯಿತಿ ಇದೆ. ಕಲಮು ಹೇಳುವ ಮೊದಲು ಕಲಮು ಓದಿ.

ಹೆಡ್‌ಎಂಡ್ ಹುಡುಗ:
ಓದೇನ್ರಿ ಸಾಹೇಬ್ರ. ಓದಿದ್ದು ನೀವು, ಎತ್ತಿಕೊಂಡ ಹೋಗಾವ್ರು ಓದ್ಯಾರೇನು ಅನ್ನೂದ ಪ್ರಶ್ನೆ. ಲೋಕಲ್ ಚಾನೆಲ್ಲಿನ ಎನ್‌ಕೋಡರ್ ಯಾವುದು, ಮಕ್ಸ್ ಯಾವುದು ಅಂತ ರ‍್ಯಾಕ್ ನೋಡಿ ಗುರುತಿಸೂದು ಹ್ಯಾಂಗ? ಮಕ್ಸ್ ತಗದ್ರ ಅದರಾಗ ಕೂಡಿದ ಎಲ್ಲಾ ಚಾನೆಲ್ ಹೋದುವು.

ಬಾದಾಮಿ ಬಂಡೆ:
ಈಗ ಮೂಲಕ್ಕೆ ಬಂದಿರಿ. ಘಟಪ್ರಭಾ ಬೇಡಿದ ಪರ್ವಿಸ್‌ನಂಥವರನ್ನು ಎನ್‌ಬಿಡಿಎಸ್‌ಎಗೆ ಕೂರಿಸಿದರೂ ಬೆಳಗಾವಿಗೆ ನಯಾ ಪೈಸೆ ಪ್ರಯೋಜನ ಇಲ್ಲ. ಅದು ಸದಸ್ಯ ವಾಹಿನಿಗಳ ಮೇಲಷ್ಟೇ. 2009ರಲ್ಲಿ ₹1 ಲಕ್ಷ ದಂಡ ಹಾಕಿದ್ದಕ್ಕೆ ಇಂಡಿಯಾ ಟಿವಿ ಸಂಘವನ್ನೇ ಬಿಟ್ಟು ಹೋಯಿತು. ಕೇಬಲ್ ಲೋಕಲ್ ಚಾನೆಲ್‌ಗಳು, ಕನ್ನಡದ್ದಿರಲಿ ಮರಾಠಿಯದ್ದಿರಲಿ, 'ಪ್ಲಾಟ್‌ಫಾರ್ಮ್ ಸೇವೆ' ಅಂತ 2022ರ ನವೆಂಬರ್ ಮಾರ್ಗಸೂಚಿಯಡಿ ಬರ್ತವೆ: ಒಂದು ಚಾನೆಲ್‌ಗೆ ₹1,000 ನೋಂದಣಿ, ಒಟ್ಟು ಚಾನೆಲ್ ಸಾಮರ್ಥ್ಯದ 5%ಗಿಂತ ಹೆಚ್ಚಿರಬಾರದು, 90 ದಿನ ರೆಕಾರ್ಡಿಂಗ್ ಇಟ್ಟಿರಬೇಕು.

ಹೆಡ್‌ಎಂಡ್ ಹುಡುಗ:
"90 ದಿನ ರೆಕಾರ್ಡಿಂಗ್" ಅಂತ ಸರಳ ಹೇಳಿಬಿಟ್ರಿ. 4 ಎಂಬಿಪಿಎಸ್ ಅಂದ್ರ ದಿನಕ್ಕ 43 ಜಿಬಿ. 90 ದಿನಕ್ಕ ಹತ್ತತ್ರ 3.9 ಟಿಬಿ, ಒಂದ ಚಾನೆಲ್ಲಿಗೆ. 4 ಟಿಬಿ ಅಂತ ಬರದ ಡಿಸ್ಕ್ ಕಂಪ್ಯೂಟರಿನ್ಯಾಗ 3.6 ಅಂತ ತೋರಸ್ತೈತಿ, ಅದು 1024ರ ಲೆಕ್ಕ. ಅದ ಲೆಕ್ಕದಾಗ ಈ 3.9 ಸುದ್ದಾ 3.5 ಆಗ್ತೈತಿ, ಮೂಗಿನ ಮಟ ತುಂಬತೈತಿ. ಆಡಿಯೋ ಬಿಟ್‌ರೇಟ್ ಬ್ಯಾರೆ ಕೂಡಿಸಿದ್ರ ಕಡೀಕ ಎರಡ ಮೂರ ದಿನ ತಾನಾಗೇ ಅಳಸಿ ಹೋಗತಾವ. ದೂರು ಬರೂದು ಅದ ದಿನದ ಮ್ಯಾಲ.

ಗೋಳಗುಮ್ಮಟದ ಪ್ರತಿಧ್ವನಿ:
ಆಫ್‌ಕಾಮ್‌ನಾಗ ಟಿವಿಯವರು 60 ದಿನ, ರೇಡಿಯೋದವರು 42 ದಿನ ಇಟ್ರ ಸಾಕು. ನಮ್ಮ ದೇಶ ಡಿಸ್ಕ್ ಮಾರಾವ್ರ ಪರ ಐತಿ.

ಘಟಪ್ರಭಾ:
ಕಡೆಗೂ ಆಫ್‌ಕಾಮ್ ಹೆಸರು ಬಂತು! ಪರ್ವಿಸ್ ಕಾಲದ ಇನ್ನೊಂದು ನೋಡಿ: ಬಿಬಿಸಿ ರೇಡಿಯೋ 2ರಲ್ಲಿ 2008ರ ಅಕ್ಟೋಬರ್ 18ಕ್ಕೆ ರಸೆಲ್ ಬ್ರ್ಯಾಂಡ್, ಜೊನಾಥನ್ ರಾಸ್ ಇಬ್ಬರೂ ಒಬ್ಬ ಹಿರಿಯ ನಟರ ಫೋನಿಗೆ ಅಸಹ್ಯ ಸಂದೇಶ ಬಿಟ್ಟದ್ದು ಪ್ರಸಾರವಾಯಿತು. 2009ರ ಏಪ್ರಿಲ್‌ನಲ್ಲಿ ಬಿಬಿಸಿಗೆ 1.5 ಲಕ್ಷ ಪೌಂಡ್ ದಂಡ. ಬಿಬಿಸಿಗೆ ಹಾಕಬಹುದಾದ ಗರಿಷ್ಠವೇ 2.5 ಲಕ್ಷ.

ಗೋಳಗುಮ್ಮಟದ ಪ್ರತಿಧ್ವನಿ:
ಆಹಾ, ನೀವ ತಂದ್ರಿ. ಆ ಕಾರ್ಯಕ್ರಮ ನೇರ ಅಲ್ರಿ, ಮೊದಲ ರೆಕಾರ್ಡ್ ಮಾಡಿ ಇಟ್ಟದ್ದು! 7 ಸೆಕೆಂಡ್ ಅಲ್ಲ, ದಿನಗಟ್ಟಲೆ ಬಫರ್ ಇತ್ತು. ಡಂಪ್ ಗುಂಡಿ ಒತ್ತಾಕ ಯಾರಿಗೂ ಕೈ ಬರಲಿಲ್ಲ. ಹಂಗಾರ ಹೆಡ್‌ಎಂಡ್ ತಮ್ಮನ ಡಿಲೇ ಪೆಟ್ಟಿಗಿ ಏನ್ ಉದ್ಧಾರ ಮಾಡ್ತೈತಿ?

ಹೆಡ್‌ಎಂಡ್ ಹುಡುಗ:
ಪೆಟ್ಟಿಗಿ ತಪ್ಪೇನೈತ್ರಿ ಅದರಾಗ? ಗುಂಡಿ ಒತ್ತಾವನ ತಲಿ ತಪ್ಪು.

ಘಟಪ್ರಭಾ:
"ಒತ್ತಾವನ ತಲಿ". ಬರೆದಿಟ್ಟುಕೊಳ್ಳಿ. ತಲೆ ಇದ್ದವರನ್ನೇ ನಿಯಂತ್ರಕನ ಕುರ್ಚಿಯಲ್ಲಿ ಕೂರಿಸಿ ಅಂತ ನಾನು ಮೊದಲಿಂದ ಹೇಳ್ತಿರೋದು.

ಟಿಳಕವಾಡಿ ವಕೀಲ:
ನಿಯಂತ್ರಕ ಗುಂಡಿ ಒತ್ತುವುದಿಲ್ಲ. ಪ್ರಸಾರವಾದ ಮೇಲೆ ಬರುವವನು. ಪೂರ್ವ ಸೆನ್ಸಾರ್ ಮಾಡುವ ಅಧಿಕಾರ ಆಫ್‌ಕಾಮ್‌ಗೂ ಇಲ್ಲ. ಮೂಲಭೂತ ವಿಷಯದಲ್ಲೇ ಗೊಂದಲ.

ಕುಂದಾ ಕಟ್ಟೆ:
ಬಿಬಿಸಿ ಪ್ರಕರಣದಾಗ ಮೊದಲಿಗೆ ಬಂದ ದೂರು ಎರಡೇ ಎರಡು. ಪತ್ರಿಕ್ಯಾಗ ಬಂದ ಮ್ಯಾಲ 40 ಸಾವಿರ ದಾಟಿತು. ಕೇಳಲಾರದವರ ದೂರು ಜಾಸ್ತಿ. ಈ ಚರ್ಚಾನೂ ಹಂಗ ಅನ್ನಸ್ತೈತಿ.

ಬಾದಾಮಿ ಬಂಡೆ:
ಇನ್ನೂ ಒಂದು ಉಳೀತು. 1980ರಲ್ಲಿ ಒಳಗಿದ್ದವರು ಪ್ರಸಾರ ಗಮನಿಸ್ತಿದ್ದರು ಅನ್ನೋದಕ್ಕೆ ಅನುಮಾನವೇ ಬೇಡ. ಅವರ ಹೇಳಿಕೆಯನ್ನು ಬಿಬಿಸಿ ಮೇ 3ರ ರಾತ್ರಿ ಓದಿದ್ದೇ ಅವರ ಬೇಡಿಕೆಯಂತೆ. ಒತ್ತೆಯಾಳುಗಳಲ್ಲಿ ಬಿಬಿಸಿಯ ಸೌಂಡ್ ರೆಕಾರ್ಡಿಸ್ಟ್ ಸಿಮ್ ಹ್ಯಾರಿಸ್ ಇದ್ದರು. ಹಿಂಬದಿ ದೃಶ್ಯ ತಡೆದದ್ದು ಈ ಲೆಕ್ಕದಲ್ಲಿ. ಇದನ್ನು 26/11ಕ್ಕೆ ಹೋಲಿಸಿದ ಹೆಡ್‌ಎಂಡ್ ಹುಡುಗ ಮಾತು ವಾಪಸ್ ತಗೋಬೇಕು.

ಹೆಡ್‌ಎಂಡ್ ಹುಡುಗ:
ಮುಂಬದಿ ನೇರ ಹೋತಲ್ರಿ? ಮುಂದಿನ ಬಾಲ್ಕನಿ ಮ್ಯಾಲೂ ಎಸ್‌ಎಎಸ್‌ನವರ ಇದ್ರು, ಅಲ್ಲೇ ಸ್ಫೋಟ ಆತು. ಅರ್ಧ ಮನಿಗೆ ಪಡದೆ ಹಾಕಿ ಇನ್ನರ್ಧ ತೆರದಿಟ್ಟು ವಿವೇಕ ಅಂದ್ರ ನಾ ವಾಪಸ್ ತಗೊಳಂಗಿಲ್ಲ.

ಬಾದಾಮಿ ಬಂಡೆ:
ಮುಂಬದಿ ಪೊಲೀಸರೇ ಪತ್ರಕರ್ತರಿಗೆ ಬಿಟ್ಟ ಜಾಗದಿಂದ ಕಾಣ್ತಿತ್ತು.

ಹೆಡ್‌ಎಂಡ್ ಹುಡುಗ:
ತಾಜ್ ಹೋಟೆಲ್ ಮುಂದೂ ಪೊಲೀಸರ ಬಿಟ್ಟಿದ್ರು.

ಟಿಳಕವಾಡಿ ವಕೀಲ:
ಅದಕ್ಕೇ 6(1)(ಪಿ).

ಹೆಡ್‌ಎಂಡ್ ಹುಡುಗ:
ಅದರಾಗ "ನೇರ" ಅಂತ ಐತ್ರಿ.